ತಲೆಕೆಳಗಾದ ತೋಳ

ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಹಾಲ್ಸ್‌ಮಿಯರ್ ಪೊಲೀಸ್ ಠಾಣೆಗೆ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡ ಹೆಂಗಸೊಬ್ಬರು ಬಂದು, ಒಂದು ಮಗುವಿನ ಕೊರಳಲ್ಲಿದ್ದ ನಾಣ್ಯ ಕಳುವಾಗಿದೆ ಎಂದು ದೂರು ಕೊಟ್ಟರು. ಕೌಂಟರಿನಲ್ಲಿ ಕೂತಿದ್ದವನು ಕಾನ್‌ಸ್ಟೇಬಲ್ ಡೆನ್ಜಿಲ್ ಕ್ಯಾಟರ್‌ಮೋಲ್.

"ಮಗು ಈಗ ಎಲ್ಲಿದೆ?"

"ನಮ್ಮ ಹತ್ರಾನೇ. ರಟ್ಟಿನ ಪೆಟ್ಟಿಗೇಲಿ."

ಕ್ಯಾಟರ್‌ಮೋಲ್ ಪೆನ್ನು ಕೆಳಗಿಟ್ಟ.

"ಗಾಬರಿ ಆಗ್ಬೇಡಿ. ಅದು ಸತ್ತು ಸಾವಿರದ ನಾನೂರು ವರ್ಷ ಆಯ್ತು."

"ದೂರು ಕೊಡೋಕೆ ಸ್ವಲ್ಪ ತಡ ಮಾಡಿದ್ರಿ ಅನ್ಸುತ್ತೆ" ಎಂದ ಕ್ಯಾಟರ್‌ಮೋಲ್. ಆಕೆ ನಗಲಿಲ್ಲ. ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಹೆಸ್ಟರ್ ರಡ್ಕಿನ್ ಹೊರಗೆ ಬಂದರು. ರಡ್ಕಿನ್ ಕೂತು ಕೆಲಸ ಮಾಡಿದ್ದನ್ನು ಆ ಠಾಣೆಯಲ್ಲಿ ಯಾರೂ ನೋಡಿರಲಿಲ್ಲ. ಅವರ ಕುರ್ಚಿಯ ಮೇಲೆ ಕೋಟು ಮಾತ್ರ ಕೂರುತ್ತಿತ್ತು. ಫೋನು, ಚಹಾ, ಯೋಚನೆ ಎಲ್ಲವೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಲೇ ನಡೆಯುತ್ತಿದ್ದವು.

ದೂರುದಾರರ ಹೆಸರು ಡಾಕ್ಟರ್ ಇಸೊಬೆಲ್ ಫೆನ್ವಿಕ್. ಎಲ್ಮ್‌ಸ್ಟೋ ಹಳ್ಳಿಯ ಪಕ್ಕದ ಹೊಲದಲ್ಲಿ ಹೊಸ ಮನೆಗಳು ಏಳುವ ಮೊದಲು ಅಲ್ಲಿನ ಹಳೆಯ ಸ್ಯಾಕ್ಸನ್ ಸಮಾಧಿಗಳನ್ನು ಅಗೆದು ಎತ್ತುತ್ತಿದ್ದ ತಂಡಕ್ಕೆ ಆಕೆ ಮುಖ್ಯಸ್ಥೆ. ಅವರು ಎರಡು ಫೋಟೊಗಳನ್ನು ಕೌಂಟರಿನ ಮೇಲಿಟ್ಟರು.

"ಇದು ಶುಕ್ರವಾರ ಮಣ್ಣಿಂದ ಎತ್ತಿದಾಗ ತೆಗೆದಿದ್ದು. ಇದು ಇವತ್ತು ಬೆಳಿಗ್ಗೆ ಪೆಟ್ಟಿಗೆ ತೆಗೆದಾಗ. ಎರಡೂ ಬೇರೆ ಬೇರೆ ನಾಣ್ಯ. ಯಾರೋ ಬದಲಾಯಿಸಿದ್ದಾರೆ."

ರಡ್ಕಿನ್ ಬಗ್ಗಿ ನೋಡಿದರು. ಎರಡೂ ಕಂಚಿನವು, ಉಗುರಿನಷ್ಟಗಲ, ಹಸಿರುಗಟ್ಟಿದ್ದವು. ಒಂದು ಮುಖದಲ್ಲಿ ಶಿರಸ್ತ್ರಾಣ ತೊಟ್ಟ ಹೆಣ್ಣಿನ ತಲೆ. ಇನ್ನೊಂದು ಮುಖದಲ್ಲಿ ಎರಡು ಕೂಸುಗಳಿಗೆ ಹಾಲೂಡಿಸುವ ತೋಳ. ದಾರ ಪೋಣಿಸಲು ಅಂಚಿನಲ್ಲಿ ಒಂದು ತೂತು.

"ನನಗೆ ಎರಡೂ ಒಂದೇ ಥರ ಕಾಣ್ತಿದೆ."

"ತೂತು ನೋಡಿ. ಮೊದಲನೇದರಲ್ಲಿ ಅದು ತೋಳದ ಬೆನ್ನಿನ ಮೇಲಿದೆ. ದಾರ ಕಟ್ಟಿ ತೂಗುಹಾಕಿದ್ರೆ ತೋಳ ನಾಲ್ಕು ಕಾಲ ಮೇಲೆ ನಿಲ್ಲುತ್ತೆ. ಎರಡನೇದು ತೂಗುಹಾಕಿದ್ರೆ ತೋಳ ತಲೆಕೆಳಗೆ, ಕಾಲು ಆಕಾಶಕ್ಕೆ."

ರೋಮನರು ಈ ನಾಡು ಬಿಟ್ಟುಹೋಗಿ ತಲೆಮಾರುಗಳು ಕಳೆದ ಮೇಲೆ, ಸ್ಯಾಕ್ಸನ್ ಜನ ಉಳುವಾಗ ಸಿಕ್ಕ ಅವರ ಚಿಲ್ಲರೆಗೆ ಮೊಳೆಯಿಂದ ತೂತು ಹೊಡೆದು ಹೆಂಗಸರ, ಮಕ್ಕಳ ಕೊರಳಿಗೆ ಕಟ್ಟುತ್ತಿದ್ದರು ಎಂದು ಫೆನ್ವಿಕ್ ವಿವರಿಸಿದರು. ಅದರಿಂದ ಏನನ್ನೂ ಕೊಳ್ಳುವಂತಿರಲಿಲ್ಲ. ಅದು ಅವರಿಗೆ ತಾಯತ. ರೋಮಿನ ಹೆಣ್ಣಿನ ತಲೆ ಹೇಗಿದ್ದರೂ ಅವರಿಗೆ ಚಿಂತೆಯಿಲ್ಲ, ಕೂಸುಗಳನ್ನು ಕಾಯುವ ತೋಳ ಮಾತ್ರ ನೆಟ್ಟಗೆ ನಿಲ್ಲಬೇಕು.

"ಬೆಲೆ ಎಷ್ಟಾಗುತ್ತೆ ಮೇಡಂ?" ಕ್ಯಾಟರ್‌ಮೋಲ್ ಕೇಳಿದ.

"ಹತ್ತು ಪೌಂಡ್ ಬಂದ್ರೆ ಹೆಚ್ಚು."

"ಹತ್ತು ಪೌಂಡಿಗೆ ಇಷ್ಟೆಲ್ಲ ನಾಟಕ ಆಡಿದ್ದಾನಾ?"

"ಅದನ್ನೇ ನೀವು ಹುಡುಕ್ಬೇಕಾಗಿರೋದು" ಎಂದರು ಫೆನ್ವಿಕ್. ರಡ್ಕಿನ್‌ಗೆ ಆಕೆ ಹಿಡಿಸಿದರು. ಅಪರಾಧ ಸಂಖ್ಯೆ ಬಿತ್ತು, ಕಳವಿನ ಪ್ರಕರಣ ದಾಖಲಾಯಿತು.

ಹೊಲದಲ್ಲಿ ಗಾಳಿ ಹುಚ್ಚೆದ್ದಿತ್ತು. ಸಮುದ್ರ ಹನ್ನೆರಡು ಮೈಲಿ ದೂರವಿದ್ದರೂ ಈ ಕಡೆ ಗಾಳಿಗೆ ಯಾವ ಬೇಲಿಯೂ ಲೆಕ್ಕವಿಲ್ಲ. ಗುಂಡಿಗಳ ಮೇಲೆ ಹೊದಿಸಿದ ಟಾರ್ಪಾಲು ಪಟಪಟ ಬಡಿದುಕೊಳ್ಳುತ್ತಿತ್ತು. ಎತ್ತಿದ ವಸ್ತುಗಳನ್ನಿಡುವ ಗುಡಿಸಲಿನಲ್ಲಿ ಮಹಜರು ನಡೆಯಿತು. ಬೀಗ ಮುರಿದಿಲ್ಲ, ಕಿಟಕಿ ಒಡೆದಿಲ್ಲ. ಪೆಟ್ಟಿಗೆಯಲ್ಲಿದ್ದ ಬದಲಿ ನಾಣ್ಯವನ್ನು ಲೆನ್ಸಿನಡಿ ಹಿಡಿದಾಗ ತೂತಿನ ಒಳಗೋಡೆ ಹೊಸ ಪಾತ್ರೆಯ ಹಾಗೆ ಹೊಳೆಯಿತು. ಮೊಳೆಯಲ್ಲ, ಡ್ರಿಲ್ಲು.

"ಬದಲಿ ನಾಣ್ಯ ಎಲ್ಲಿಂದ ಬಂತು?"

ಫೆನ್ವಿಕ್ ಒಂದು ಟ್ರೇ ಎಳೆದರು. ಈ ಹೊಲದಲ್ಲಿ ಮಣ್ಣು ಕೆದಕಿದರೆ ರೋಮನ್ ಚಿಲ್ಲರೆ ಸಿಗುತ್ತದೆ, ಯಾವ ಸಮಾಧಿಗೂ ಸೇರದವನ್ನು ಆ ಟ್ರೇಯಲ್ಲಿ ಹಾಕಿಡುತ್ತಿದ್ದರು. ಆಕೆ ಬೆರಳಿಂದ ಕದಡಿ ನೋಡಿದರು, ಮತ್ತೊಮ್ಮೆ ನೋಡಿದರು. ಮುಖ ಬಿಳಚಿಕೊಂಡಿತು.

"ಇದರಲ್ಲಿ ತೋಳದ ನಾಣ್ಯ ಇನ್ನೊಂದಿತ್ತು. ತೂತಿಲ್ಲದ್ದು. ಅದೇ ಇದು."

ಅಂದರೆ ಒಳಗಿನವರೇ. ಗಾಳಿ ಬಾಗಿಲನ್ನು ಎರಡು ಸಲ ಬಡಿಯಿತು.

ಹೊರಗೆ ಬಿಳಿ ವ್ಯಾನೊಂದರ ಪಕ್ಕದಲ್ಲಿ ಗಡ್ಡದ ಯುವಕನೊಬ್ಬ ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತಿದ್ದ. ಮಾತಾಡುತ್ತಿರಲಿಲ್ಲ, ಕೇಳುತ್ತಿದ್ದ.

"ಟೋಬಿ ಥಿರ್ಟಲ್" ಎಂದರು ಫೆನ್ವಿಕ್. "ನನ್ನ ಹಿರಿಯ ಅಗೆತಗಾರ. ಆ ಮಗುವಿನ ಸಮಾಧಿ ಅವನೇ ಬಿಡಿಸಿದ್ದು. ಅವನ ಹೆಂಡ್ತಿಗೆ ತಿಂಗಳು ತುಂಬೋ ಮುಂಚೆ ಹೆರಿಗೆ ಆಯ್ತು, ಹೆಣ್ಣು ಮಗು. ಆಸ್ಪತ್ರೆಲಿ ಗಾಜಿನ ಪೆಟ್ಟಿಗೇಲಿ ಇಟ್ಟಿದ್ದಾರೆ. ಉಸಿರಿನ ನಳಿಕೆ ಎರಡು ಸಲ ತೆಗೆದು ನೋಡಿದ್ರಂತೆ, ಎರಡು ಸಲಾನೂ ಮಗು ನೀಲಿಗಟ್ಟಿತು. ಗುರುವಾರ ಮಧ್ಯಾಹ್ನ ಮೂರಕ್ಕೆ ಇನ್ನೊಂದು ಸಲ ನೋಡ್ತಾರೆ. ಅವನ ಹತ್ರ ಸ್ವಲ್ಪ ಮೆತ್ತಗೆ ಮಾತಾಡಿ."

ರಡ್ಕಿನ್ ಮೆತ್ತಗೇ ಮಾತಾಡಿದರು. ಶನಿವಾರ, ಭಾನುವಾರ ಎಲ್ಲಿದ್ದಿರಿ? ಆಸ್ಪತ್ರೆಯಲ್ಲಿ. ಎರಡು ದಿನವೂ? ಬೆಳಿಗ್ಗೆಯಿಂದ ರಾತ್ರಿಯವರೆಗೆ. ಇಲ್ಲಿಗೆ ಬಂದಿರಲಿಲ್ಲವೇ? ಇಲ್ಲ. ಉತ್ತರ ಕೊಡುವಾಗ ಅವನ ಕಣ್ಣು ಫೋನಿನ ಮೇಲೇ ಇತ್ತು. ಅದರಲ್ಲಿ ಅನುಮಾನಪಡುವಂಥದ್ದೇನೂ ರಡ್ಕಿನ್‌ಗೆ ಕಾಣಲಿಲ್ಲ. ಇಂಥ ಹೊತ್ತಿನಲ್ಲಿ ಯಾರ ಕಣ್ಣಾದರೂ ಅಲ್ಲೇ ಇರುತ್ತದೆ.

ಕ್ಯಾಟರ್‌ಮೋಲ್‌ಗೆ ಬೇರೆ ಗುಮಾನಿಯಿತ್ತು. ಲೋಹಶೋಧಕ ಯಂತ್ರ ಹಿಡಿದು ಹೊಲ ಹೊಲ ಅಲೆಯುವ ಲೆನ್ ಪಟ್ಟಾಕ್ ಎಂಬ ಮುದುಕ ಎಲ್ಮ್‌ಸ್ಟೋದಲ್ಲೇ ಇದ್ದ. ಹಿಂದೊಮ್ಮೆ ಅನುಮತಿಯಿಲ್ಲದೆ ಅಗೆದು ದಂಡ ಕಟ್ಟಿದವನು. ಮಧ್ಯಾಹ್ನ ಅವನ ಅಡುಗೆಮನೆಯಲ್ಲಿ ವಿಚಾರಣೆ.

"ಬಂದ್ಯಾ ಡೆನ್ಜಿಲ್? ಊರಲ್ಲಿ ಕೋಳಿ ಕಾಣೆಯಾದ್ರೂ ನನ್ನ ಬಾಗಿಲಿಗೇ ಬರ್ತೀಯಲ್ಲ."

"ಕೋಳಿ ಅಲ್ಲ ಲೆನ್. ತೋಳ."

ಪಟ್ಟಾಕ್ ಫೋಟೊ ನೋಡಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ಇಂಥವು ನನ್ನ ಹತ್ರ ಒಂದು ಜಾಡಿ ಇದಾವೆ. ಬೇಕಾದ್ರೆ ನಿನ್ನ ಹೆಂಡ್ತಿಗೆ ಒಂದು ಸರ ಮಾಡಿ ಕೊಡ್ತೀನಿ. ಕದಿಯೋಕೆ ನಂಗೇನು ದರ್ದು?"

ಶನಿವಾರ, ಭಾನುವಾರ ಅವನು ಮಗಳ ಮನೆಯಲ್ಲಿದ್ದ. ಮಗಳೂ ಹೌದೆಂದಳು, ಅವಳ ಪಕ್ಕದ ಮನೆಯವರೂ ಹೌದೆಂದರು, ಅವನ ಬಾಯಿ ತಾಳಲಾರದೆ ಅಂದು ಬೇಗ ಮಲಗಿದೆವು ಎಂದೂ ಸೇರಿಸಿದರು.

ಠಾಣೆಗೆ ಮರಳುವಾಗ ರಡ್ಕಿನ್ ಕಾರಿನಲ್ಲಿ ಕೂತಲ್ಲಿ ಕೂರಲಾರದೆ ಜೇಬಿನ ಚಿಲ್ಲರೆ ತೆಗೆದು ಹೊರಳಿಸತೊಡಗಿದರು. ಒಂದು ಪೌಂಡಿನ ನಾಣ್ಯ. ರಾಣಿಯ ತಲೆ ನೆಟ್ಟಗೆ. ಪುಸ್ತಕದ ಹಾಳೆ ಮಗುಚಿದಂತೆ ತಿರುಗಿಸಿದರು. ಹಿಂಭಾಗವೂ ನೆಟ್ಟಗೆ.

"ಡೆನ್ಜಿಲ್, ಇದಕ್ಕೆ ತೂತು ಹಾಕಿ ಕೊರಳಿಗೆ ಹಾಕ್ಕೋ ಅಂದ್ರೆ ಎಲ್ಲಿ ಹಾಕ್ತೀಯ?"

"ರಾಣಿ ತಲೆ ಮೇಲೆ. ಮತ್ತೆಲ್ಲಿ?"

"ಹಿಂಭಾಗ ನೋಡಲ್ವಾ?"

"ಯಾಕೆ ನೋಡ್ಬೇಕು? ಮುಂದೆ ನೆಟ್ಟಗಿದ್ರೆ ಹಿಂದೂ ನೆಟ್ಟಗೇ ಇರುತ್ತಲ್ಲ."

"ನಮ್ಮ ನಾಣ್ಯದಲ್ಲಿ ಇರುತ್ತೆ. ಆ ರೋಮನ್ ನಾಣ್ಯದಲ್ಲಿ ಇಲ್ಲ. ಅದರಲ್ಲಿ ತಲೆ ನೆಟ್ಟಗಿದ್ರೆ ತೋಳ ಉಲ್ಟಾ. ನಮ್ಮ ಕಳ್ಳ ಇಂಗ್ಲಿಷಿನವನು, ಹುಟ್ಟಿದಾಗಿಂದ ಇದೇ ಚಿಲ್ಲರೆ ಎಣಿಸಿದವನು. ಅಭ್ಯಾಸ ಬಲದಿಂದ ತಲೆ ಮೇಲೆ ಡ್ರಿಲ್ ಇಟ್ಟ, ತಿರುಗಿಸಿ ನೋಡ್ಲಿಲ್ಲ."

"ಪುರಾತತ್ವದವ್ರಿಗೆ ಅಷ್ಟು ಗೊತ್ತಿರಲ್ವಾ?"

"ಗೊತ್ತಿರುತ್ತೆ. ಕಣ್ತುಂಬ ನಿದ್ದೆ ಮಾಡಿದವ್ರಿಗೆ." ರಡ್ಕಿನ್ ನಾಣ್ಯವನ್ನು ಜೇಬಿಗೆ ಹಾಕಿದರು. ತಾವಾಡಿದ ಮಾತು ಅವರಿಗೇ ಹಿತವಾಗಲಿಲ್ಲ.

ಬುಧವಾರ ಕೆಲಸ ಬೇಗ ಬೇಗ ಸಾಗಿತು. ಹೊಲದ ಮೂಲೆಯ ಉಪಕರಣಗಳ ಕಂಟೇನರಿನಲ್ಲಿ ಕೈಡ್ರಿಲ್ಲೊಂದು ಸಿಕ್ಕಿತು, ಮೇಜಿಗೆ ಬಿಗಿದ ಇಕ್ಕಳದ ಸಂದಿಯಲ್ಲಿ ಹೊಳೆಯುವ ಕಂಚಿನ ಪುಡಿ ಸಿಕ್ಕಿತು. ಎರಡನ್ನೂ ವಶಪಡಿಸಿಕೊಂಡರು. ಕಂಟೇನರಿನ ಕೀಲಿ ಇದ್ದದ್ದು ಮೂವರ ಬಳಿ. ಫೆನ್ವಿಕ್, ಟೋಬಿ, ಮತ್ತೆ ಮಣ್ಣೆತ್ತುವ ಯಂತ್ರದ ಚಾಲಕ. ಚಾಲಕ ಎರಡು ದಿನವೂ ಲೀಡ್ಸ್‌ನಲ್ಲಿ ತಂಗಿಯ ಮದುವೆಯಲ್ಲಿ ಕುಣಿಯುತ್ತಿದ್ದ, ಅದಕ್ಕೆ ವಿಡಿಯೊ ಸಾಕ್ಷಿಯೂ ಇತ್ತು. ವಿಡಿಯೊ ನೋಡಿದ ಕ್ಯಾಟರ್‌ಮೋಲ್ ಅದೇ ಬೇರೆ ಅಪರಾಧ ಎಂದ. ಪಕ್ಕದ ಹಂದಿಸಾಕಣೆಯವರ ಗೇಟಿನ ಕ್ಯಾಮೆರಾದಲ್ಲಿ ಭಾನುವಾರ ಸಂಜೆ ಐದರ ಸುಮಾರಿಗೆ ಬಿಳಿ ವ್ಯಾನು ಹೊಲದ ಕಡೆ ಹೋಗಿ, ಅರ್ಧ ಗಂಟೆಯ ಮೇಲೆ ವಾಪಸು ಬಂದಿತ್ತು. ನಂಬರ್ ಸ್ಪಷ್ಟವಾಗಿತ್ತು, ಟೋಬಿಯದೇ.

"ಸುಳ್ಳು ಹೇಳಿದ" ಎಂದ ಕ್ಯಾಟರ್‌ಮೋಲ್. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ.

"ನಾಣ್ಯ ಸಿಗ್ಬೇಕು. ನಾಳೆ ಆಸ್ಪತ್ರೆಗೆ ಹೋಗೋಣ. ಭಾನುವಾರ ಎಷ್ಟೊತ್ತಿಗೆ ಬಂದ ಅಂತ ಕೇಳೋಣ."

"ನಾಳೆ ಗುರುವಾರ ಮೇಡಂ."

"ಕ್ಯಾಲೆಂಡರ್ ನಂಗೂ ಓದೋಕೆ ಬರುತ್ತೆ."

ಗುರುವಾರ ಬೆಳಗಿನ ಹೊತ್ತು ನ್ಯಾಯಾಲಯದಲ್ಲಿ ಬೇರೊಂದು ಪ್ರಕರಣದ ಸಾಕ್ಷ್ಯಕ್ಕೆ ಹೋಯಿತು. ಆಸ್ಪತ್ರೆ ತಲುಪುವಾಗ ಎರಡು ಗಂಟೆ ದಾಟಿತ್ತು. ನವಜಾತ ಶಿಶುಗಳ ವಾರ್ಡಿನ ಸಿಸ್ಟರ್ ಮಾರಿವಿಕ್ ಇಬ್ಬರ ಕೈಯನ್ನೂ ಮೊಣಕೈವರೆಗೆ ತೊಳೆಸಿ ಒಳಗೆ ಬಿಟ್ಟಳು. ಭಾನುವಾರದ ವಿಷಯ ಕೇಳಿದ್ದಕ್ಕೆ ಅವಳಿಗೆ ನೆನಪಿತ್ತು.

"ಸಾಯಂಕಾಲ ಒಂದೆರಡು ಗಂಟೆ ಹೊರಗೆ ಹೋಗಿದ್ದ. ಬಂದವನೇ ಕೇಳಿದ, ಮಗು ಪೆಟ್ಟಿಗೆಗೆ ಏನಾದ್ರೂ ಕಟ್ಬಹುದಾ ಅಂತ. ಆಗಲ್ಲ, ಆಕ್ಟೋಪಸ್ ಬಿಟ್ರೆ ಏನೂ ಬಿಡಲ್ಲ ಅಂದೆ."

ಆಕ್ಟೋಪಸ್ ಎಂದರೆ ಹಳ್ಳಿಯ ಹೆಂಗಸರು ಉಣ್ಣೆಯಲ್ಲಿ ಹೆಣೆದು ಆ ವಾರ್ಡಿಗೆ ಕಳಿಸುವ ಎಂಟು ಕಾಲಿನ ಪುಟ್ಟ ಗೊಂಬೆ. ಕೂಸುಗಳು ನಳಿಕೆ ಕಿತ್ತುಕೊಳ್ಳುವ ಬದಲು ಅದರ ಕಾಲು ಹಿಡಿದುಕೊಳ್ಳುತ್ತವೆ. ಗಾಜಿನ ಪೆಟ್ಟಿಗೆಯಲ್ಲಿ ಈಡಿತ್ ಥಿರ್ಟಲ್ ಹಳದಿ ಆಕ್ಟೋಪಸ್ಸಿನ ಒಂದು ಕಾಲು ಹಿಡಿದು ಮಲಗಿದ್ದಳು. ರಡ್ಕಿನ್‌ರ ಅಂಗೈಯಲ್ಲಿ ಹಿಡಿಯುವಷ್ಟೇ ಇದ್ದಳು. ಎದೆ ಯಂತ್ರದ ಲೆಕ್ಕಕ್ಕೆ ಏಳುತ್ತಿತ್ತು, ಬೀಳುತ್ತಿತ್ತು. ಆಕ್ಟೋಪಸ್ಸಿನ ತಲೆ ಮಾತ್ರ ಹಾಸಿಗೆಗೆ ಕುಸಿದು ಕೂತಿತ್ತು. ಅದರ ಬುಡದಲ್ಲಿ ಕಪ್ಪು ದಾರದ ಒರಟು ಹೊಲಿಗೆ. ಹೆಣೆದವರ ಕೈಯಲ್ಲ ಅದು, ಗಂಡಸಿನ ಕೈ.

ರಡ್ಕಿನ್ ಅದನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಕೂತಿದ್ದ ಟೋಬಿಗೆ, "ಒಂದು ನಿಮಿಷ ಹೊರಗೆ ಬರ್ತೀರಾ?" ಎಂದರು. ಅವನ ಹೆಂಡತಿ ಬ್ರಯೊನಿ ಪೊಲೀಸರನ್ನೂ ಗಂಡನನ್ನೂ ಒಮ್ಮೆ ನೋಡಿ, ತಾನೂ ಎದ್ದು ಹಿಂದೆಯೇ ಬಂದಳು.

ಕಾರಿಡಾರಿನಲ್ಲಿ ಟೋಬಿ ಕೇಳುವ ಮೊದಲೇ ಒಪ್ಪಿಕೊಂಡ.

"ಅದು ಆಕ್ಟೋಪಸ್ ಒಳಗಿದೆ. ಸ್ಪಿರಿಟ್‌ನಲ್ಲಿ ತೊಳೆದು, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದೀನಿ. ಮಗುಗೆ ತಾಗಲ್ಲ."

"ಯಾವುದು?" ಬ್ರಯೊನಿ ಕೇಳಿದಳು. "ಟೋಬಿ, ಏನು ಇಟ್ಟಿದ್ದೀಯ?"

ಅವನು ಹೇಳಿದ. ಅವಳು ಕೇಳುತ್ತ ಕೇಳುತ್ತ ಗೋಡೆಗೆ ಸರಿದಳು.

"ಸತ್ತ ಮಗುವಿನ ಕೊರಳಿಂದ ತೆಗೆದು ನನ್ನ ಮಗಳ ಪಕ್ಕ ಇಟ್ಟೆಯಾ? ಆ ಮಗುಗೇ ಕೆಲಸಕ್ಕೆ ಬರದ್ದನ್ನ?"

"ಹಾಗಲ್ಲ ಬ್ರೈ, ಕೇಳು. ಅದರ ತೂತು ಸವೆದು ಉದ್ದ ಆಗಿದೆ. ದಾರ ಉಜ್ಜಿ ಉಜ್ಜಿ ಅಂಚಿನವರೆಗೂ ಬಂದಿದೆ. ಹಾಗಾಗೋಕೆ ನಲವತ್ತು ವರ್ಷ, ಐವತ್ತು ವರ್ಷ ಬೇಕು. ಆ ಮಗುಗೆ ಮೂರು ವರ್ಷಾನೂ ಆಗಿರ್ಲಿಲ್ಲ. ಅದಕ್ಕೂ ಮುಂಚೆ ಯಾರೋ ಒಬ್ರು ಜೀವಮಾನ ಪೂರ್ತಿ ಅದನ್ನ ಹಾಕ್ಕೊಂಡಿದ್ರು. ಅವರನ್ನ ಅದು ಮುದಿವಯಸ್ಸಿನವರೆಗೂ ಕಾಯ್ತು. ನಾನು ತಂದಿದ್ದು ಅದನ್ನ."

ಬ್ರಯೊನಿ ಒಳಗೆ ಹೋಗಿ ಮತ್ತೆ ಕೈ ತೊಳೆದಳು. ಸಿಸ್ಟರ್ ಮಾರಿವಿಕ್ ಯಾರಿಗೂ ಗೊತ್ತಿಲ್ಲದ ತನ್ನ ಭಾಷೆಯಲ್ಲಿ ಬಯ್ಯುತ್ತ ಕೂಸಿನ ಬೆರಳು ಬಿಡಿಸಿ ಆಕ್ಟೋಪಸ್ ಹೊರತೆಗೆದುಕೊಟ್ಟಳು. ಬ್ರಯೊನಿ ಚಿಕ್ಕ ಕತ್ತರಿಯಿಂದ ಕಪ್ಪು ಹೊಲಿಗೆ ಬಿಚ್ಚಿ, ನಾಣ್ಯವನ್ನು ತಂದು ರಡ್ಕಿನ್‌ರ ಕೈಗಿಟ್ಟಳು. ಆಮೇಲೆ ಗಂಡನ ಕಡೆ ತಿರುಗಿದಳು.

"ನೀನು ಒಳಗೆ ಬರ್ಬೇಡ."

ಬಾಗಿಲು ಮುಚ್ಚಿಕೊಂಡಿತು. ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷವಿತ್ತು.

ರಡ್ಕಿನ್ ಬಂಧನದ ಮಾತುಗಳನ್ನು ಹೇಳಿದರು. ನೀವು ಏನೂ ಹೇಳಬೇಕಾಗಿಲ್ಲ ಎಂಬಲ್ಲಿಂದ ಕೊನೆಯವರೆಗೆ, ಒಂದು ಪದವೂ ಬಿಡದೆ. ನಾಣ್ಯವನ್ನು ಸಾಕ್ಷ್ಯದ ಚೀಲದಲ್ಲಿ ಹಾಕಿ ಮೊಹರು ಮಾಡಿದರು. ಕ್ಯಾಟರ್‌ಮೋಲ್ ಕಾರಿನ ಕೀಲಿ ಕೈಗೆ ತೆಗೆದುಕೊಂಡ.

"ಹೊರಡೋಣ್ವಾ ಮೇಡಂ?"

"ಕಾಲು ನೋಯ್ತಿದೆ. ಸ್ವಲ್ಪ ಕೂರ್ತೀನಿ" ಎಂದು ರಡ್ಕಿನ್ ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು.

ಹನ್ನೊಂದು ವರ್ಷ ಅವರ ಕೈಕೆಳಗೆ ದುಡಿದ ಕ್ಯಾಟರ್‌ಮೋಲ್ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೋಗಿ ಚಹಾ ತಂದ. ಮೂರು ಗಂಟೆಯಾಯಿತು. ಬಾಗಿಲಾಚೆ ಹೆಜ್ಜೆಗಳು ಓಡಾಡಿದವು, ಗಾಲಿಯ ಮೇಲೆ ಏನನ್ನೋ ತಳ್ಳಿದ ಸದ್ದು ಬಂತು. ಟೋಬಿ ಎದ್ದ, ಕೂತ, ಮತ್ತೆ ಎದ್ದ. ಗಾಜಿಗೆ ಹಣೆ ಹಚ್ಚಿದ, ಒಳಗಿನ ಪರದೆ ಬಿಟ್ಟರೆ ಏನೂ ಕಾಣಲಿಲ್ಲ.

"ಆ ಮಗುವಿನ ಪಕ್ಕದ ಗುಂಡಿಯನ್ನೂ ನಾನೇ ಅಗೆದಿದ್ದು" ಎಂದ, ಗಾಜಿಗೇ ಹೇಳುವಂತೆ.

"ಮೇಡಂ, ಇಲ್ಲಿ ಹೇಳಿದ್ದು ಹೇಳಿಕೆ ಅಂತ ನಿಲ್ಲಲ್ಲ" ಕ್ಯಾಟರ್‌ಮೋಲ್ ಪಿಸುಗುಟ್ಟಿದ.

"ಗೊತ್ತು. ಬರ್ಕೋಬೇಡ."

"ಮುದುಕಿ. ಬಾಯಲ್ಲಿ ಒಂದೂ ಹಲ್ಲಿಲ್ಲ, ಬೆನ್ನು ಬಾಗಿತ್ತು. ಮಗುವಿನ ಮಗ್ಗುಲಿಗೇ ಹೂತಿದ್ರು, ಅದರ ಗುಂಡಿಯ ಅಂಚನ್ನ ಕಡಿದು ಇವಳದ್ದು ತೋಡಿದ್ರು. ಅಂದ್ರೆ ಇವಳು ಸತ್ತಿದ್ದು ಆಮೇಲೆ. ಆ ಹೊಲದಲ್ಲಿ ಎಲ್ಲ ಹೆಂಗಸರ ಕೊರಳಲ್ಲೂ ಏನಾದ್ರೂ ಒಂದಿದೆ, ಏನಿಲ್ಲ ಅಂದ್ರೂ ಒಂದು ಗಾಜಿನ ಮಣಿ. ಇವಳಿಗೆ ಏನೂ ಇಲ್ಲ. ನಾನು ಆ ಮಣ್ಣನ್ನ ಮೂರು ಸಲ ಜರಡಿ ಹಿಡಿದೆ." ಅವನು ತಿರುಗಿದ. "ತನ್ನ ಕೊರಳಿಂದ ಬಿಚ್ಚಿ ಮೊಮ್ಮಗುಗೆ ಕಟ್ಟಿದ್ಳು ಇನ್ಸ್‌ಪೆಕ್ಟರ್. ಕಟ್ಟಿದ ಮೇಲೂ ಮಗು ಹೋಯ್ತು. ಇವಳು ಉಳಿದ್ಳು. ಹಾಗೆ ಬರೀ ಕೊರಳಲ್ಲಿ ಎಷ್ಟು ವರ್ಷ ಬದುಕಿದ್ಳೋ. ನಂಗೆ ರಾತ್ರಿ ಕಣ್ಮುಚ್ಚಿದ್ರೆ ಅವಳೇ ಬರ್ತಾಳೆ. ಕೆಲಸಕ್ಕೆ ಬರಲ್ಲ ಅಂತ ನಂಗೂ ಗೊತ್ತು. ಆದ್ರೂ ಕಟ್ಟದೆ ಹೇಗಿರಲಿ? ನನ್ನ ಹತ್ರ ಕೊಡೋಕೆ ಬೇರೇನೂ ಇರ್ಲಿಲ್ಲ."

ರಡ್ಕಿನ್ ತಮ್ಮ ಚಹಾದ ಲೋಟವನ್ನು ಅವನ ಕಡೆ ಚಾಚಿದರು. ಅವನು ತೆಗೆದುಕೊಳ್ಳಲಿಲ್ಲ. ಚಹಾ ತಣ್ಣಗಾಯಿತು.

ಬಾಗಿಲು ತೆರೆದಾಗ ಮೊದಲು ಕಂಡದ್ದು ಬ್ರಯೊನಿಯ ಮುಖ. ಅತ್ತಿದ್ದಳು. ಅದು ಯಾವ ಅಳುವೆಂದು ತಿಳಿಯದೆ ಮೂವರೂ ನಿಂತರು.

"ಉಸಿರಾಡ್ತಿದ್ದಾಳೆ" ಎಂದಳು. "ತಾನಾಗೇ. ನಲವತ್ತು ನಿಮಿಷ ಆಯ್ತು, ಬಣ್ಣ ಕೆಡ್ಲಿಲ್ಲ. ರಾತ್ರಿ ಕಳೀಲಿ ಅಂತಾರೆ ಡಾಕ್ಟರು." ಆಮೇಲೆ ಗಂಡನನ್ನು ನೋಡಿದಳು. "ಅದಿಲ್ದೇನೇ, ಟೋಬಿ."

ಟೋಬಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನೆಲದ ಮೇಲೇ ಕುಸಿದು ಕೂತ. ಅವಳು ಅವನ ಹತ್ತಿರ ಬರಲಿಲ್ಲ. ಆದರೆ ಒಳಗೆ ಹೋಗುವ ಮೊದಲು, ಅವನನ್ನು ಎಷ್ಟು ಹೊತ್ತಿಗೆ ಬಿಡುತ್ತೀರಿ ಎಂದು ರಡ್ಕಿನ್‌ರನ್ನು ಕೇಳಿದಳು.

ಠಾಣೆಯಲ್ಲಿ ಹೇಳಿಕೆ ದಾಖಲಾಯಿತು. ಟೋಬಿ ಎಲ್ಲವನ್ನೂ ಒಪ್ಪಿಕೊಂಡು ಸಹಿ ಹಾಕಿದ. ತೋಳ ತಲೆಕೆಳಗಾದದ್ದನ್ನು ಹೇಳಿದಾಗ ಮೊದಲು ಅವನಿಗೆ ನಂಬಿಕೆಯಾಗಲಿಲ್ಲ, ಆಮೇಲೆ ನಾಚಿಕೊಂಡ. ಏಳು ಗಂಟೆಗೆ ಜಾಮೀನಿನ ಮೇಲೆ ಅವನನ್ನು ಬಿಟ್ಟರು, ಕ್ಯಾಟರ್‌ಮೋಲ್ ತನ್ನ ಸ್ವಂತ ಕಾರಿನಲ್ಲಿ ಅವನನ್ನು ಆಸ್ಪತ್ರೆಗೆ ಬಿಟ್ಟುಬಂದ. ಲಾಭದ ಉದ್ದೇಶ ಕಂಡುಬಂದಿಲ್ಲ ಎಂದು ರಡ್ಕಿನ್ ವರದಿಯಲ್ಲಿ ಬರೆದರು. ಕಾರಣ ಬರೆಯಲು ಎರಡು ಸಲ ಹೊರಟು ಎರಡು ಸಲವೂ ಹೊಡೆದುಹಾಕಿದರು.

ಮರುದಿನ ಬೆಳಿಗ್ಗೆ ನಾಣ್ಯ ಗುರುತಿಸಲು ಡಾಕ್ಟರ್ ಫೆನ್ವಿಕ್ ಬಂದರು. ಚೀಲದ ಮೇಲಿಂದಲೇ ಲೆನ್ಸಿನಲ್ಲಿ ನೋಡಿ, ಹೌದು, ಇದೇ ಎಂದರು. ಟೋಬಿಯ ಬಗ್ಗೆ ಮಾತಾಡುವಾಗ ಸಿಟ್ಟು ಇನ್ನೂ ಆರಿರಲಿಲ್ಲ, ಅವನ ಮಗುವಿನ ಬಗ್ಗೆ ಮಾತ್ರ ಎರಡು ಸಲ ಕೇಳಿದರು. ರಾತ್ರಿ ಕಳೆದಿದೆ ಎಂದರು ರಡ್ಕಿನ್.

"ಒಂದು ವಿಷಯ. ಆ ಮಗುವಿನ ಪಕ್ಕದ ಮುದುಕಿ ಕೊರಳಲ್ಲಿ ನಿಜವಾಗ್ಲೂ ಏನೂ ಇರ್ಲಿಲ್ವಾ?"

"ಏನೂ ಇರ್ಲಿಲ್ಲ. ಬಡವಿ, ಗತಿಯಿಲ್ಲದವಳು ಅಂತ ಬರೆದಿದ್ದೀನಿ."

ರಡ್ಕಿನ್ ಕಾರಿಡಾರಿನಲ್ಲಿ ಕೇಳಿದ್ದನ್ನು ಹೇಳಿದರು. ಫೆನ್ವಿಕ್ ಲೆನ್ಸನ್ನು ಮತ್ತೆ ಕಣ್ಣಿಗೆ ಹಿಡಿದು, ಆ ಸವೆದ ತೂತನ್ನು ಬಹಳ ಹೊತ್ತು ನೋಡಿದರು.

"ತಿದ್ದಬೇಕು" ಎಂದರು.